ಬೆಸುಗೆ ಯಂತ್ರದ ಶೀತಕ ತೊಟ್ಟಿ: ಬದಲಾಯಿಸುವ ಕ್ರಮ ಮತ್ತು ವಹಿಸಬೇಕಾದ ಎಚ್ಚರಿಕೆ

ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ಲೋಹದ ಬೆಸುಗೆಯ ಕೆಲಸ ನಡೆಯದ ಬಡಾವಣೆ ವಿರಳವೆಂದೇ ಹೇಳಬೇಕು. ಮಜಗಾಂವ್ ಹಡಗುಕಟ್ಟೆಯಲ್ಲಿ ನಿರ್ಮಾಣಗೊಂಡು 1992ರಲ್ಲಿ ನೌಕಾಪಡೆಗೆ ಸೇರ್ಪಡೆಯಾದ ‘ಶಾಲ್ಕಿ’ ಜಲಾಂತರ್ಗಾಮಿಯ ಹಿಂದೆ ಬೆಸುಗೆಗಾರರ ಶ್ರಮವಿತ್ತು. ಕುರ್ಲಾ, ಸಾಕಿನಾಕಾ, ಭಾಂಡುಪ್ ಮೊದಲಾದೆಡೆ ‘ಗಾಲಾ’ ಎಂದು ಕರೆಯಲ್ಪಡುವ ಒಂದೆರಡು ಅಂಕಣದ ಕಾರ್ಯಾಗಾರಗಳಲ್ಲಿ ಸಿದ್ಧವಾಗುವ ಹೋಟೆಲು ಅಡುಗೆಮನೆಯ ಉಕ್ಕಿನ ಮೇಜು, ಇಡ್ಲಿಯ ಹಬೆಪೆಟ್ಟಿಗೆಗಳ ಹಿಂದೆಯೂ ಅದೇ ಶ್ರಮವಿದೆ. ಹೀಗೆ ದುಡಿಯುವವರಲ್ಲಿ ಕನ್ನಡ ನಾಡಿನಿಂದ ಬಂದು ಇಲ್ಲಿ ನೆಲೆಸಿದವರೂ ಇದ್ದಾರೆ. ಆದರೆ ಅವರು ಬಳಸುವ ಯಂತ್ರಗಳೊಡನೆ ಬರುವ ಕೈಪಿಡಿಗಳು ಪ್ರಾಯಶಃ ಇಂಗ್ಲಿಷಿನಲ್ಲಿರುತ್ತವೆ; ಅವುಗಳಲ್ಲಿ ಅನೇಕವು ಹಿಮ ಬೀಳುವ ದೇಶಗಳ ಗ್ರಾಹಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಆ ಕೊರತೆಯನ್ನು ಒಂದು ವಿಷಯದ ಮಟ್ಟಿಗಾದರೂ ತುಂಬುವುದು ಈ ಲೇಖನದ ಉದ್ದೇಶ.

ಇಂಗ್ಲಿಷಿನ ‘ಕೂಲೆಂಟ್’ ಎಂಬುದಕ್ಕೆ ನಮ್ಮ ಪಾರಿಭಾಷಿಕ ಕೋಶಗಳು ‘ಶೀತಕ’ ಎಂಬ ಪದವನ್ನು ನೀಡುತ್ತವೆ. ಕಾರ್ಯಾಗಾರದಲ್ಲಿ ಯಾರೂ ಹಾಗೆನ್ನುವುದಿಲ್ಲ. ಅಲ್ಲಿ ಅದು ಬರಿಯ ‘ಪಾನಿ’; ಅದನ್ನು ತುಂಬಿಡುವ ತೊಟ್ಟಿ ‘ಟಂಕಿ’. ಪದ ಯಾವುದಾದರೂ ಆಗಲಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ನೀರೆಂದು ಕರೆದುದನ್ನು ನೀರಿನಂತೆಯೇ ಬಳಸುವುದು ಮನುಷ್ಯ ಸ್ವಭಾವ. ತೊಟ್ಟಿ ಒಡೆದಾಗ ಹೊಸ ತೊಟ್ಟಿಯನ್ನು ತಂದು ಕೂಡಿಸಿ, ಪಕ್ಕದ ನಲ್ಲಿಯಿಂದ ಒಂದು ಬಕೆಟ್ ನೀರು ಸುರಿದು ಕೆಲಸ ಮುಂದುವರಿಸುವ ಪದ್ಧತಿ ಇಲ್ಲಿಂದಲೇ ಹುಟ್ಟಿದೆ. ಹಳೆಯ ತೊಟ್ಟಿಯನ್ನು ಕೆಡಿಸಿದ ಕಾರಣವು ಹೊಸ ತೊಟ್ಟಿಯಲ್ಲಿಯೂ ಅಂದಿನಿಂದಲೇ ತನ್ನ ಕೆಲಸವನ್ನು ಆರಂಭಿಸುತ್ತದೆ.

ಶೀತಕದ ಅವಶ್ಯಕತೆ

ಆರ್ಗಾನ್ ಅನಿಲದ ಹೊದಿಕೆಯೊಳಗೆ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಚಾಪವನ್ನು ಹೊಮ್ಮಿಸಿ ಲೋಹವನ್ನು ಕರಗಿಸುವ ವಿಧಾನಕ್ಕೆ ‘ಟಿಗ್’ ಬೆಸುಗೆ ಎಂದು ಹೆಸರು. ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಅಮೆರಿಕದ ನಾರ್ತ್ರಪ್ ವಿಮಾನ ಸಂಸ್ಥೆಯ ರಸೆಲ್ ಮೆರೆಡಿತ್ ಎಂಬವರು ಹಗುರ ಲೋಹಗಳನ್ನು ಬೆಸೆಯಲು ಈ ವಿಧಾನವನ್ನು ರೂಪಿಸಿದರು. ಆಗ ಬಳಸಿದ್ದು ಹೀಲಿಯಂ ಅನಿಲ. ಕೈಯಲ್ಲಿ ಹಿಡಿಯುವ ಬೆಸುಗೆ ಹಿಡಿಕೆ, ಅಂದರೆ ‘ಟಾರ್ಚು’, ವಿಪರೀತ ಬಿಸಿಯಾಗುವುದು ಮೊದಲಿನಿಂದಲೂ ತೊಡಕಾಗಿತ್ತು. ಹಿಡಿಕೆಯೊಳಗೆ ನೀರನ್ನು ಹರಿಯಿಸಿ ತಂಪುಗೊಳಿಸುವ ಏರ್ಪಾಟು ಇದಕ್ಕೆ ಪರಿಹಾರವಾಗಿ ಬಂದಿತು.

ಉಷ್ಣದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 300 ಆಂಪಿಯರ್ ವಿದ್ಯುತ್ತಿನಲ್ಲಿ ಚಾಪದ ವೋಲ್ಟೇಜು ಸುಮಾರು 22 ಆಗಿದ್ದರೆ ಅಲ್ಲಿ ವ್ಯಯವಾಗುವ ಶಕ್ತಿ 6,600 ವ್ಯಾಟ್. ಸ್ನಾನದ ನೀರನ್ನು ಕಾಯಿಸುವ 1,500 ವ್ಯಾಟಿನ ನಾಲ್ಕು ಕಾಯಿಲುಗಳನ್ನು ಒಂದೇ ಕಡೆ ಸೇರಿಸಿ ಹಿಡಿದರೂ ಅಷ್ಟಾಗದು. ಇದರ ಬಹುಭಾಗ ಬೆಸೆಯುವ ಲೋಹಕ್ಕೆ ಹೋದರೂ ಉಳಿದ ಪಾಲು ಹಿಡಿಕೆಯನ್ನು ಸುಡಲು ಸಾಕು. ನಿಮಿಷಕ್ಕೆ ಒಂದು ಲೀಟರ್‌ನಂತೆ ಹರಿಯುವ ನೀರು, ತನ್ನ ತಾಪವನ್ನು 10 ಡಿಗ್ರಿಯಷ್ಟು ಏರಿಸಿಕೊಂಡು, ಸುಮಾರು 700 ವ್ಯಾಟ್ ಉಷ್ಣವನ್ನು ಹೊತ್ತೊಯ್ಯುತ್ತದೆ. ತೊಟ್ಟಿಯಿಂದ ಪಂಪು, ಪಂಪಿನಿಂದ ಹಿಡಿಕೆ, ಹಿಡಿಕೆಯಿಂದ ರೇಡಿಯೇಟರು, ಅಲ್ಲಿಂದ ಮರಳಿ ತೊಟ್ಟಿ—ಇದು ಬಹುತೇಕ ಯಂತ್ರಗಳಲ್ಲಿ ಅದರ ಸಂಚಾರದ ದಾರಿ.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. ನೀರಿನಿಂದ ತಂಪಾಗುವ ಹಿಡಿಕೆಗಳಲ್ಲಿ ವಿದ್ಯುತ್ತಿನ ತಾಮ್ರದ ತಂತಿಯು ನೀರು ಮರಳುವ ಕೊಳವೆಯ ಒಳಗೇ ಸಾಗುತ್ತದೆ. ನೀರಿನ ಆಸರೆ ಇರುವುದರಿಂದಲೇ ಅಷ್ಟು ತೆಳುವಾದ ತಂತಿಯಲ್ಲಿ ಅಷ್ಟು ಹೆಚ್ಚಿನ ವಿದ್ಯುತ್ತನ್ನು ಹರಿಸಲು ಸಾಧ್ಯವಾಗಿದೆ. ಕೈಗೆ ಹಗುರವೆನಿಸುವುದೂ ಇದರಿಂದಲೇ. ಶೀತಕದ ಹರಿವು ನಿಂತರೆ ಕೆಲವೇ ಕ್ಷಣಗಳಲ್ಲಿ ಕೊಳವೆ ಕರಗಿ, ಬಿಸಿ ದ್ರವವೂ ಬೆತ್ತಲೆ ತಂತಿಯೂ ಹೊರಬೀಳುವ ಸಂಭವವಿದೆ.

ಎಲ್ಲ ಕಾರ್ಯಾಗಾರಗಳಿಗೂ ಈ ವ್ಯವಸ್ಥೆ ಬೇಕೆಂದೇನೂ ಇಲ್ಲ. ಹೋಟೆಲಿನ ಮೇಜಿಗೆ ಬಳಸುವಂಥ ತೆಳು ತಗಡನ್ನು ನೂರು, ನೂರಿಪ್ಪತ್ತು ಆಂಪಿಯರಿನಲ್ಲಿ ಬಿಟ್ಟು ಬಿಟ್ಟು ಬೆಸೆಯುವವರಿಗೆ ಅನಿಲದಿಂದಲೇ ತಂಪಾಗುವ ಸಾದಾ ಹಿಡಿಕೆ ಸಾಕು. 200 ಆಂಪಿಯರ್ ಮೀರಿದ ಕೆಲಸ, ದಪ್ಪ ಅಲ್ಯುಮಿನಿಯಂ, ಮುಂಜಾನೆಯಿಂದ ಸಂಜೆಯವರೆಗೆ ಎಡೆಬಿಡದ ದುಡಿಮೆ—ಇವುಗಳಿಗೆ ಮಾತ್ರ ಶೀತಕ ಘಟಕ ಅನಿವಾರ್ಯ. ತೊಟ್ಟಿಗಾಗಿ ಹಣ ವ್ಯಯಿಸುವ ಮುನ್ನ ಮಾಲೀಕರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳುವುದು ಲೇಸು.

ತೊಟ್ಟಿ ಕೆಡುವ ಬಗೆ

ಇಂದಿನ ತೊಟ್ಟಿಗಳು ಹೆಚ್ಚಾಗಿ ಪಾಲಿಥೀನ್ ಜಾತಿಯ ಪ್ಲಾಸ್ಟಿಕ್ಕಿನವು. ಸ್ಥಳೀಯವಾಗಿ ಕಟ್ಟಿದ ಘಟಕಗಳಲ್ಲಿ ಕಬ್ಬಿಣದ ತಗಡಿನ ತೊಟ್ಟಿಗಳೂ ಉಂಟು. ಪ್ಲಾಸ್ಟಿಕ್ ತೊಟ್ಟಿ ಸೀಳುವುದು ಸಾಮಾನ್ಯವಾಗಿ ಅಚ್ಚಿನ ಸೇರುಗೆರೆಯಲ್ಲಿ ಅಥವಾ ಕೊಳವೆ ಸೇರುವ ಬಾಯಿಯ ಬುಡದಲ್ಲಿ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಯಂತ್ರವನ್ನು ವರ್ಷಗಟ್ಟಲೆ ನಿಲ್ಲಿಸುವುದು, ಗಾಲಿಗಳ ಮೇಲೆ ಒರಟು ನೆಲದಲ್ಲಿ ಎಳೆದಾಡುವುದು, ಕೊಳವೆಯ ತಿರುಪನ್ನು ದೊಡ್ಡ ಸ್ಪ್ಯಾನರಿನಿಂದ ಬಿಗಿಯುವುದು ಇವೆಲ್ಲ ಕಾರಣಗಳೇ. ಎಪಾಕ್ಸಿ ಅಥವಾ ಅಂಟು ಬಳಿದು ಸೀಳನ್ನು ಮುಚ್ಚುವ ಪ್ರಯತ್ನ ಈ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಹೆಚ್ಚು ಕಾಲ ಬಾಳದು; ಅದಕ್ಕೆ ಅಂಟು ಹಿಡಿಯುವುದೇ ಕಷ್ಟ.

ಕಬ್ಬಿಣದ ತೊಟ್ಟಿಯ ಕಥೆ ಬೇರೆ. ತಾಮ್ರದ ಹಿಡಿಕೆ, ಹಿತ್ತಾಳೆಯ ಪಂಪು, ಅಲ್ಯುಮಿನಿಯಂ ರೇಡಿಯೇಟರು, ಕಬ್ಬಿಣದ ತೊಟ್ಟಿ ಹೀಗೆ ನಾಲ್ಕು ಲೋಹಗಳು ಒಂದೇ ದ್ರವದಲ್ಲಿ ಸಂಪರ್ಕಗೊಂಡಾಗ, ಆ ದ್ರವವು ವಿದ್ಯುತ್ತನ್ನು ಹರಿಯಗೊಡುವಂಥದಾಗಿದ್ದರೆ, ಇಡೀ ಘಟಕವೇ ಒಂದು ಬ್ಯಾಟರಿಯಂತೆ ವರ್ತಿಸಲಾರಂಭಿಸುತ್ತದೆ. ಹೆಚ್ಚು ಕ್ರಿಯಾಶೀಲವಾದ ಲೋಹಗಳು ಒಳಗಿಂದೊಳಗೆ ಸವೆಯುತ್ತವೆ. ಕಂದು ಕೆಸರು ಹರಳುಗಟ್ಟಿ ಹಿಡಿಕೆಯ ಸೂಕ್ಷ್ಮ ದಾರಿಗಳನ್ನು ಮುಚ್ಚುತ್ತದೆ.

ಹೀಗಾಗಿ ತೊಟ್ಟಿ ಸೋರಿದಾಗ ಮೊದಲು ನೋಡಬೇಕಾದುದು ಸೀಳನ್ನಲ್ಲ, ಒಳಗಿನ ದ್ರವವನ್ನು. ಅದು ಹಸಿರು ಲೋಳೆಯಾಗಿದ್ದರೆ ಪಾಚಿ, ಕಂದಾಗಿದ್ದರೆ ತುಕ್ಕು, ನೀಲಿ ಮಿಶ್ರಿತ ಹಸಿರಿನ ಗಸಿಯಾಗಿದ್ದರೆ ತಾಮ್ರದ ಸವೆತ, ಬಿಳಿಯ ಪದರು ಕಟ್ಟಿದ್ದರೆ ಗಡಸು ನೀರಿನ ಸುಣ್ಣ. ಶೀತಕಕ್ಕೆ ತಯಾರಕರೇ ಬಣ್ಣ ಬೆರೆಸಿರುವುದುಂಟಾದ್ದರಿಂದ, ಮೂಲ ಬಣ್ಣ ಯಾವುದಿತ್ತೆಂಬುದನ್ನು ಡಬ್ಬಿಯ ಚೀಟಿಯಿಂದ ತಿಳಿದುಕೊಂಡು ತೀರ್ಮಾನಿಸಬೇಕು.

ಯಾವ ದ್ರವ ತಕ್ಕದ್ದು

ಮುಂಬಯಿಯ ನಲ್ಲಿ ನೀರು ಕೆಟ್ಟದ್ದಲ್ಲ. ವಿಹಾರ್ ಸರೋವರದ ನೀರು 1860ರಲ್ಲಿ ನಗರಕ್ಕೆ ಹರಿದುಬಂದಂದಿನಿಂದ ತುಳಸಿ, ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳವರೆಗೆ ಬೆಳೆದ ವ್ಯವಸ್ಥೆ ಅದು. ಮಳೆಯ ನೀರಾದುದರಿಂದ ತಕ್ಕಮಟ್ಟಿಗೆ ಮೆದುವೂ ಹೌದು. ಕುಡಿಯಲು ಯೋಗ್ಯವಾಗಲೆಂದು ಅದಕ್ಕೆ ಕ್ಲೋರಿನ್ ಬೆರೆಸಲಾಗುತ್ತದೆ. ಕುಡಿಯುವವರನ್ನು ಕಾಯುವ ಆ ಕ್ಲೋರಿನ್ನೇ ಅಲ್ಯುಮಿನಿಯಂ ರೇಡಿಯೇಟರಿನಲ್ಲಿ ಸೂಜಿಮೊನೆಯಂಥ ರಂಧ್ರಗಳಿಗೆ ಕಾರಣವಾಗಬಲ್ಲುದು. ಟ್ಯಾಂಕರಿನಲ್ಲಿ ಬರುವ ಕೊಳವೆ ಬಾವಿಯ ನೀರಂತೂ ಸುಣ್ಣದ ಅಂಶ ಹೆಚ್ಚಿರುವುದರಿಂದ ಸಲ್ಲದು. ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರನ್ನು ‘ಶುದ್ಧ’ವೆಂದು ಭಾವಿಸಿ ಸಂಗ್ರಹಿಸುವವರಿದ್ದಾರೆ, ಅದರಲ್ಲಿ ಧೂಳೂ ಸೂಕ್ಷ್ಮಜೀವಿಗಳೂ ಸೇರಿರುತ್ತವೆ.

ನೀರಿನಲ್ಲಿ ಲವಣಗಳಿದ್ದಷ್ಟೂ ಅದು ವಿದ್ಯುತ್ತನ್ನು ಹೆಚ್ಚಾಗಿ ಹರಿಯಗೊಡುತ್ತದೆ. ಟಿಗ್ ಚಾಪವನ್ನು ಹೊತ್ತಿಸಲು ಯಂತ್ರವು ಅಧಿಕ ಆವರ್ತನದ, ಅಧಿಕ ವೋಲ್ಟೇಜಿನ ಕಿಡಿಯನ್ನು ಕಳುಹಿಸುತ್ತದೆ. ದ್ರವವು ವಾಹಕವಾಗಿದ್ದರೆ ಆ ಕಿಡಿಯ ಪಾಲು ನೀರಿನ ದಾರಿ ಹಿಡಿದು ಸೋರಿಹೋಗುತ್ತದೆ. ಚಾಪ ಸುಲಭವಾಗಿ ಹೊತ್ತುವುದಿಲ್ಲ. ಬೆಸುಗೆಗಾರ ಯಂತ್ರವನ್ನು ದೂರುತ್ತಾನೆ, ದುರಸ್ತಿಯವನು ಸರ್ಕೀಟನ್ನು ಬದಲಿಸುತ್ತಾನೆ, ತೊಂದರೆ ಮಾತ್ರ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಯಂತ್ರದ ತಯಾರಕರು ಸೂಚಿಸಿದ, ವಿದ್ಯುತ್ ವಾಹಕತೆ ಕಡಿಮೆಯಿರುವ ಬೆಸುಗೆ ಶೀತಕವನ್ನೇ ಬಳಸುವುದು ಉತ್ತಮ. ಇಂಥ ದ್ರವಗಳಲ್ಲಿ ಲವಣರಹಿತ ನೀರಿನೊಡನೆ ಗ್ಲೈಕಾಲ್, ತುಕ್ಕು ನಿರೋಧಕ ಮತ್ತು ಪಾಚಿ ನಿರೋಧಕಗಳು ಸೇರಿರುತ್ತವೆ. ಗ್ಲೈಕಾಲಿನ ಮುಖ್ಯ ಕೆಲಸ ನೀರು ಹೆಪ್ಪುಗಟ್ಟದಂತೆ ತಡೆಯುವುದು. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.4 ಡಿಗ್ರಿ, ಅದೂ 1962ರ ಜನವರಿ 22ರಂದು. ಇಲ್ಲಿ ತೊಟ್ಟಿ ಹೆಪ್ಪುಗಟ್ಟುವ ಪ್ರಶ್ನೆಯೇ ಉದ್ಭವಿಸದು. ನಮಗೆ ಬೇಕಾದುದು ಹಿಮದಿಂದ ರಕ್ಷಣೆಯಲ್ಲ, ತುಕ್ಕು ಮತ್ತು ಪಾಚಿಯಿಂದ ರಕ್ಷಣೆ. ಆಯ್ಕೆ ಇರುವಲ್ಲಿ ಎಥಿಲೀನ್ ಗ್ಲೈಕಾಲಿನ ಬದಲು ಪ್ರೊಪಿಲೀನ್ ಗ್ಲೈಕಾಲ್ ಇರುವ, ಅಥವಾ ಗ್ಲೈಕಾಲ್ ಪ್ರಮಾಣ ಕಡಿಮೆಯಿರುವ ಶೀತಕವನ್ನು ಕೇಳಿ ಪಡೆಯಬೇಕು. ಇದಕ್ಕೆ ಕಾರಣವನ್ನು ಮುಂದೆ ಹೇಳಲಾಗುವುದು.

ತುರ್ತಿಗೆ ಶೀತಕ ದೊರೆಯದಿದ್ದಲ್ಲಿ, ಬ್ಯಾಟರಿ ಅಂಗಡಿಯ ಬಟ್ಟಿ ಇಳಿಸಿದ ನೀರಿನಿಂದ ಕೆಲವು ದಿನ ನಿಭಾಯಿಸಬಹುದು. ಅದೇ ಅಂಗಡಿಯಲ್ಲಿ ಬ್ಯಾಟರಿಯ ಆಮ್ಲವೂ ಅಂಥದೇ ಡಬ್ಬಿಯಲ್ಲಿ ದೊರೆಯುತ್ತದೆಂಬುದನ್ನು ಮರೆಯಬಾರದು. ಮೋಟಾರು ವಾಹನಗಳ ಶೀತಕವನ್ನು ಮಾತ್ರ ಖಂಡಿತ ಬಳಸಬಾರದು. ಅದರಲ್ಲಿರುವ ಲವಣರೂಪದ ಪದಾರ್ಥಗಳು ವಾಹಕತೆಯನ್ನು ಹೆಚ್ಚಿಸುತ್ತವೆ.

ಬದಲಾಯಿಸುವ ಕ್ರಮ

ಮೊದಲ ಹೆಜ್ಜೆ ವಿದ್ಯುತ್ತನ್ನು ಕಡಿಯುವುದು. ಯಂತ್ರದ ಮೇಲಿನ ಗುಂಡಿಯನ್ನು ಒತ್ತಿದರೆ ಸಾಲದು. ಗೋಡೆಯ ಮುಖ್ಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಹೊರಗೆಳೆದು, ಅದು ಕೆಲಸ ಮಾಡುವವನ ಕಣ್ಣೆದುರಿಗೇ ಇರುವಂತೆ ಇಡಬೇಕು. ಪ್ಲಗ್ ಇಲ್ಲದೆ ನೇರವಾಗಿ ಜೋಡಿಸಿದ ಯಂತ್ರವಾದರೆ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳತಕ್ಕದ್ದು. ಒಂದೇ ಗಾಲಾದಲ್ಲಿ ನಾಲ್ಕಾರು ಮಂದಿ ದುಡಿಯುವಾಗ ಮತ್ತೊಬ್ಬನು ತಿಳಿಯದೆ ಸ್ವಿಚ್ಚು ಹಾಕುವುದು ಅಸಂಭವವಲ್ಲ. ಯಂತ್ರದೊಳಗಿನ ಕೆಪಾಸಿಟರುಗಳು ವಿದ್ಯುತ್ ಕಡಿದ ಬಳಿಕವೂ ಕೆಲವು ನಿಮಿಷ ಆವೇಶವನ್ನು ಹಿಡಿದಿಟ್ಟುಕೊಂಡಿರುತ್ತವೆ. ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ದ್ರವವೂ ತಣಿದ ಮೇಲೆ ಮುಚ್ಚಳವನ್ನು ತೆರೆಯಬೇಕು. ವಿದ್ಯುತ್ ಘಟಕದ ಕವಚವನ್ನು ತೆರೆಯದೆ ತೊಟ್ಟಿ ಕೈಗೆ ಸಿಗದಂಥ ಯಂತ್ರಗಳೂ ಇವೆ. ಅವನ್ನು ಅರ್ಹ ವಿದ್ಯುತ್ ಕೆಲಸಗಾರನಿಗೆ ಒಪ್ಪಿಸುವುದೇ ಸರಿ.

ಕೊಳವೆಗಳನ್ನು ಬಿಚ್ಚುವ ಮುನ್ನ ಯಾವುದು ಎಲ್ಲಿಗೆ ಎಂಬುದನ್ನು ಬಣ್ಣದ ಪಟ್ಟಿಯಿಂದ ಗುರುತು ಮಾಡಬೇಕು. ಹಿಡಿಕೆಗೆ ಹೋಗುವ ತಣ್ಣನೆಯ ದ್ರವಕ್ಕೆ ನೀಲಿ, ಮರಳುವ ಬಿಸಿ ದ್ರವಕ್ಕೆ ಕೆಂಪು ಎಂಬುದು ರೂಢಿ. ಬಳಿಕ ತೊಟ್ಟಿಯ ದ್ರವವನ್ನೆಲ್ಲ ಮುಚ್ಚಳವಿರುವ ಡಬ್ಬಿಗೆ ಇಳಿಸಿ, ಹಿಡಿಪಟ್ಟಿಗಳನ್ನು ಸಡಿಲಿಸಿ ಹಳೆಯ ತೊಟ್ಟಿಯನ್ನು ಹೊರತೆಗೆಯಬೇಕು. ಕೊಳವೆಯ ತುದಿಗಳು ಗಡಸಾಗಿದ್ದರೆ ಅವನ್ನೂ ಇದೇ ಸಂದರ್ಭದಲ್ಲಿ ಬದಲಿಸುವುದು ಮಿತವ್ಯಯವೇ ಸರಿ. ಜರಡಿಯನ್ನು ತೊಳೆದು, ಉಳಿದ ದಾರಿಗಳಲ್ಲಿ ಲವಣರಹಿತ ನೀರನ್ನು ಹಾಯಿಸಿ ಗಸಿಯನ್ನು ಹೊರಹಾಕಬೇಕು. ಈ ಶ್ರಮವನ್ನು ಉಳಿಸಲು ಹೋದವರ ಹೊಸ ತೊಟ್ಟಿಯಲ್ಲಿ ವಾರದೊಳಗೆ ಹಳೆಯ ಕೆಸರು ತೇಲುತ್ತದೆ.

ಹೊಸ ತೊಟ್ಟಿಯು ಅಳತೆಯಲ್ಲಿ ಹಳೆಯದಕ್ಕೆ ಸಮನಾಗಿರಬೇಕು. ಸಣ್ಣ ತೊಟ್ಟಿಯಲ್ಲಿ ದ್ರವ ತಣಿಯಲು ಅವಕಾಶ ಸಾಲದು. ತಿರುಪಿಗೆ ಟೆಫ್ಲಾನ್ ಪಟ್ಟಿ ಸುತ್ತುವಾಗ ಮೊದಲ ಎಳೆಯನ್ನು ಖಾಲಿ ಬಿಡಬೇಕು. ಇಲ್ಲವಾದರೆ ಪಟ್ಟಿಯ ಚೂರು ಒಳಸೇರಿ ಹಿಡಿಕೆಯ ದಾರಿಯನ್ನು ಅಡ್ಡಗಟ್ಟುತ್ತದೆ. ಪ್ಲಾಸ್ಟಿಕ್ ತಿರುಪನ್ನು ಕೈಯಿಂದ ಬಿಗಿದು, ಅನಂತರ ಸ್ಪ್ಯಾನರಿನಿಂದ ಸ್ವಲ್ಪವೇ ತಿರುಗಿಸಿದರೆ ಸಾಕು.

ಶೀತಕವನ್ನು ಗುರುತಿನವರೆಗೆ ತುಂಬಿದ ಮೇಲೆಯೂ ಬೆಸುಗೆ ಆರಂಭಿಸುವಂತಿಲ್ಲ. ಈ ಘಟಕಗಳಲ್ಲಿ ಅನೇಕವು ಒಳಗಿನ ದ್ರವದಿಂದಲೇ ಜಾರುವಿಕೆ ಪಡೆಯುವ ಪಂಪುಗಳನ್ನು ಹೊಂದಿವೆ. ಒಣಗಿದ ಸ್ಥಿತಿಯಲ್ಲಿ ಓಡಿಸಿದರೆ ಅವು ಬಹಳ ಬೇಗ ಹಾಳಾಗುತ್ತವೆ. ಆದಕಾರಣ ಪಂಪಿಗೆ ದ್ರವ ತಲುಪುವಂತೆ ಗಾಳಿಯನ್ನು ಹೊರಬಿಡುವುದು ಅತ್ಯವಶ್ಯ. ಮರಳುವ ಕೊಳವೆಯನ್ನು ಅಳತೆಯ ಪಾತ್ರೆಯೊಂದರಲ್ಲಿ ಬಿಟ್ಟು, ಶೀತಕ ಘಟಕವನ್ನಷ್ಟೇ ಒಂದು ನಿಮಿಷ ಓಡಿಸಿ, ಬಂದ ದ್ರವವನ್ನು ಅಳೆದು ನೋಡಬೇಕು. ಕೈಪಿಡಿಯಲ್ಲಿ ಹೇಳಿದ ಪ್ರಮಾಣ—ಅನೇಕ ಹಿಡಿಕೆಗಳಿಗೆ ಇದು ಒಂದು ಲೀಟರಿನ ಆಸುಪಾಸು—ಬರದಿದ್ದರೆ ದಾರಿಯಲ್ಲೆಲ್ಲೋ ತಡೆಯಿದೆಯೆಂದು ತಿಳಿಯಬೇಕು. ಮೂರು ಫೇಸಿನ ಪಂಪಾದರೆ ಅದು ಹಿಮ್ಮುಖವಾಗಿ ತಿರುಗುತ್ತಿರಲೂಬಹುದು. ಕೊಳವೆಗಳು ತುಂಬಿದಂತೆ ತೊಟ್ಟಿಯ ಮಟ್ಟ ಇಳಿಯುತ್ತದೆ, ಮತ್ತೆ ತುಂಬಬೇಕು. ಕಡೆಗೆ ಪ್ರತಿಯೊಂದು ಕೂಡುಗೆಯ ಕೆಳಗೂ ಒಣ ಕಾಗದವನ್ನಿಟ್ಟು ಕಾಲು ಗಂಟೆ ಓಡಿಸಿದರೆ, ಕಣ್ಣಿಗೆ ಕಾಣದ ಸೋರಿಕೆಯೂ ಕಾಗದದ ಮೇಲೆ ಕಾಣುತ್ತದೆ.

ಕಾವಲಿನ ಸ್ವಿಚ್ಚು

ದ್ರವದ ಹರಿವು ಕುಂದಿದೊಡನೆ ಬೆಸುಗೆಯನ್ನು ತಾನಾಗಿಯೇ ನಿಲ್ಲಿಸುವ ಹರಿವಿನ ಸ್ವಿಚ್ಚೊಂದು ಹೆಚ್ಚಿನ ಘಟಕಗಳಲ್ಲಿರುತ್ತದೆ. ತೊಟ್ಟಿ ಸೋರುತ್ತಿರುವ ದಿನಗಳಲ್ಲಿ ಈ ಸ್ವಿಚ್ಚು ಪದೇ ಪದೇ ಕೆಲಸವನ್ನು ನಿಲ್ಲಿಸುವುದರಿಂದ, ಎರಡು ತಂತಿಗಳನ್ನು ನೇರವಾಗಿ ಕೂಡಿಸಿ ಅದರ ಬಾಯಿ ಮುಚ್ಚಿಸುವ ಪರಿಪಾಠ ಕೆಲವೆಡೆ ಇದೆ. ಆದೇಶದ ಅವಧಿ ಮೀರುತ್ತಿದೆ, ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ ಎಂಬ ಸಂಕಟ ಅರ್ಥವಾಗದ್ದೇನಲ್ಲ. ಆದರೆ ತೊಟ್ಟಿಯನ್ನು ಬದಲಾಯಿಸಿದ ಬಳಿಕ ಆ ತಂತಿಯನ್ನು ಬಿಡಿಸಲು ಯಾರಿಗೂ ನೆನಪಾಗುವುದಿಲ್ಲ. ಮುಂದೊಂದು ದಿನ ಪಂಪು ನಿಂತಾಗ ಬೆಸುಗೆಗಾರನ ಅಂಗೈಯೊಳಗೇ ಕೊಳವೆ ಕರಗುತ್ತದೆ. ಆದ್ದರಿಂದ ಹೊಸ ತೊಟ್ಟಿ ಕೂಡಿಸಿದ ದಿನವೇ ಈ ಸ್ವಿಚ್ಚನ್ನು ಪರೀಕ್ಷಿಸತಕ್ಕದ್ದು. ಬೆಸುಗೆ ಮಾಡದೆ, ಪಂಪು ಮಾತ್ರ ಓಡುತ್ತಿರುವಾಗ, ಮರಳುವ ಕೊಳವೆಯನ್ನು ಕ್ಷಣಕಾಲ ಮಡಿಸಿ ಹಿಡಿದರೆ ಎಚ್ಚರಿಕೆಯ ದೀಪ ಬೆಳಗಬೇಕು. ಬೆಳಗದಿದ್ದರೆ ಯಂತ್ರವನ್ನು ಬಳಸಕೂಡದು.

ಕುಡಿದವರ ಪಾಡು

ಎಥಿಲೀನ್ ಗ್ಲೈಕಾಲ್ ಬಣ್ಣವಿಲ್ಲದ, ಹೆಚ್ಚು ವಾಸನೆಯಿಲ್ಲದ, ರುಚಿಯಲ್ಲಿ ಸಿಹಿಯಾದ ವಿಷ. ಕೆಲಸ ಮಾಡುವ ಅಂಕಣದಲ್ಲಿಯೇ ಊಟ, ನಿದ್ರೆಗಳೂ ನಡೆಯುವ ಇಕ್ಕಟ್ಟಿನ ಗಾಲಾಗಳಲ್ಲಿ, ಉಳಿದ ಶೀತಕವನ್ನು ಕುಡಿಯುವ ನೀರಿನ ಖಾಲಿ ಸೀಸೆಯಲ್ಲಿ ತುಂಬಿಡುವುದು ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಾಗಿಲ್ಲ. ಅದನ್ನು ಕುಡಿದವನು ಮೊದಲ ಕೆಲವು ಗಂಟೆ ಮದ್ಯ ಸೇವಿಸಿದವನಂತೆ ತೂರಾಡುತ್ತಾನೆ. ಜೊತೆಯವರು ಮಲಗಿದರೆ ಸರಿಹೋಗುತ್ತದೆಂದು ಭಾವಿಸುತ್ತಾರೆ. ಒಂದೆರಡು ದಿನಗಳಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ.

ಈ ರಾಸಾಯನಿಕ ಕುಲದ ಕ್ರೌರ್ಯವನ್ನು ಮುಂಬಯಿ ಒಮ್ಮೆ ಕಂಡಿದೆ. 1986ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಚಿಕಿತ್ಸೆಗೆಂದು ನೀಡಿದ ಗ್ಲಿಸರಾಲ್‌ನಲ್ಲಿ, ಎಥಿಲೀನ್ ಗ್ಲೈಕಾಲಿನ ಸಮೀಪದ ಬಂಧುವಾದ ಡೈಎಥಿಲೀನ್ ಗ್ಲೈಕಾಲ್ ಬೆರೆತಿದ್ದುದರಿಂದ 14 ರೋಗಿಗಳು ಮೂತ್ರಪಿಂಡ ವಿಫಲಗೊಂಡು ಸಾವನ್ನಪ್ಪಿದರು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ಈ ದುರಂತದ ವಿಚಾರಣೆ ನಡೆಸಿತು. ಅಲ್ಲಿಯೂ ಒಂದು ದ್ರವದ ಹೆಸರಿನಲ್ಲಿ ಇನ್ನೊಂದು ದ್ರವ ಪಾತ್ರೆಯಲ್ಲಿತ್ತು.

ಶೀತಕವನ್ನು ಅದರ ಮೂಲ ಡಬ್ಬಿಯಲ್ಲಿಯೇ, ಚೀಟಿ ಕೀಳದಂತೆ, ಮಕ್ಕಳ ಕೈಗೆಟುಕದ ಎಡೆಯಲ್ಲಿ ಇಡಬೇಕು. ಯಾರಾದರೂ ಆಕಸ್ಮಿಕವಾಗಿ ಕುಡಿದಲ್ಲಿ ಲಕ್ಷಣಗಳು ಕಾಣುವವರೆಗೆ ಕಾಯದೆ, ಬಲವಂತದಿಂದ ವಾಂತಿ ಮಾಡಿಸದೆ, ಡಬ್ಬಿಯನ್ನೂ ಜೊತೆಗೊಯ್ದು ಕೂಡಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಈ ವಿಷಕ್ಕೆ ಪ್ರತಿವಿಷ ಮತ್ತು ರಕ್ತ ಶುದ್ಧೀಕರಣದ ಚಿಕಿತ್ಸೆಗಳಿವೆ. ಬೇಗ ದೊರೆತಷ್ಟೂ ಅವು ಫಲಕಾರಿ. ಏನು ಕುಡಿದನೆಂಬುದು ವೈದ್ಯರಿಗೆ ತಿಳಿಯುವುದೇ ಅರ್ಧ ಚಿಕಿತ್ಸೆ. ಪ್ರೊಪಿಲೀನ್ ಗ್ಲೈಕಾಲಿನ ವಿಷತ್ವ ಇದಕ್ಕಿಂತ ಬಹಳ ಕಡಿಮೆ. ಹಿಂದೆ ಅದನ್ನು ಆರಿಸಲು ಹೇಳಿದುದು ಈ ಕಾರಣದಿಂದಲೇ.

ಮಳೆಗಾಲ ಮತ್ತು ವಿಲೇವಾರಿ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಮೀಠಿ ನದಿಯ ದಂಡೆಯವರು ಮರೆತಿಲ್ಲ. ಅಂಥ ಪ್ರವಾಹದಲ್ಲಿ ಶೀತಕ ಘಟಕ ಮುಳುಗಿದರೆ, ತೊಟ್ಟಿಯನ್ನು ತೊಳೆದು ಬಳಸುವ ಮಾತು ಆಮೇಲಿನದು. ಮೋಟಾರು ಮತ್ತು ತಂತಿಗಳ ನಿರೋಧಕ ಶಕ್ತಿಯನ್ನು ಪರೀಕ್ಷಿಸುವವರೆಗೆ ಸ್ವಿಚ್ಚು ಹಾಕುವಂತಿಲ್ಲ. ಸಾಮಾನ್ಯ ಮಳೆಗಾಲದಲ್ಲಿಯೂ ಒದ್ದೆ ನೆಲದ ಮೇಲೆ ತೊಟ್ಟಿ ಸೋರುತ್ತಿದೆಯೇ ಇಲ್ಲವೇ ಎಂಬುದು ಕಣ್ಣಿಗೆ ತಿಳಿಯದು. ಘಟಕದ ಕೆಳಗೆ ಒಂದು ತಟ್ಟೆಯನ್ನಿಟ್ಟು, ಯಂತ್ರವನ್ನು ನೆಲದಿಂದ ಒಂದಡಿಯಾದರೂ ಎತ್ತರದ ಪೀಠದ ಮೇಲೆ ನಿಲ್ಲಿಸುವುದು ಸುಲಭದ ಉಪಾಯ. ಮುಖ್ಯ ಸಂಪರ್ಕದಲ್ಲಿ ಸೋರಿಕೆ ವಿದ್ಯುತ್ತನ್ನು ಗುರುತಿಸಿ ಕಡಿಯುವ ಸಾಧನವೂ ಇರತಕ್ಕದ್ದು. ಕೆಲಸಗಾರರ ಸುರಕ್ಷತೆಯ ವಿಷಯದಲ್ಲಿ ತರಬೇತಿ ನೀಡುವ ಕೇಂದ್ರ ಸರ್ಕಾರದ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಸಯನ್‌ನಲ್ಲಿದೆ.

ಹಳೆಯ ಶೀತಕವನ್ನು ಗಟಾರಕ್ಕೆ ಸುರಿಯಬಾರದು. ಗಟಾರದ ನೀರು ನದಿಗೂ, ಅಲ್ಲಿಂದ ಮಾಹಿಮ್ ಕೊಲ್ಲಿಗೂ ಹೋಗುತ್ತದೆ. ಸವೆದ ತಾಮ್ರದ ಅಂಶವೂ ಅದರೊಡನೆ ಹೋಗುತ್ತದೆ. ಹೆಸರು ಬರೆದ ಡಬ್ಬಿಯಲ್ಲಿ ಕೂಡಿಟ್ಟು, ಮಾರಾಟಗಾರರು ಹಿಂತೆಗೆದುಕೊಳ್ಳುವರೇ ಎಂದು ವಿಚಾರಿಸಬೇಕು; ಪ್ರಮಾಣ ಹೆಚ್ಚಿದ್ದಲ್ಲಿ ಸಯನ್‌ನಲ್ಲಿಯೇ ಇರುವ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಿಂದ ಸೂಕ್ತ ಸಲಹೆ ಪಡೆಯಬಹುದು. ಕಳಚಿದ ತೊಟ್ಟಿಯನ್ನು ಮಾತ್ರ ಹಾಗೆಯೇ ಗುಜರಿಗೆ ಹಾಕಬಾರದು. ಸಣ್ಣ ಸೀಳಿರುವ ಐದು, ಹತ್ತು ಲೀಟರಿನ ಪ್ಲಾಸ್ಟಿಕ್ ಪಾತ್ರೆಗೆ ಈ ನಗರದಲ್ಲಿ ಗಿರಾಕಿಗಳಿದ್ದಾರೆ. ಸೀಳನ್ನು ಹೇಗೋ ಮುಚ್ಚಿ ಯಾರಾದರೊಬ್ಬರು ಅದರಲ್ಲಿ ಮನೆಗೆ ನೀರು ತುಂಬಿಯಾರು. ತೊಟ್ಟಿಯನ್ನು ಗರಗಸದಿಂದ ಎರಡು ಹೋಳು ಮಾಡಿ, ಆ ಬಳಿಕವೇ ಹೊರಗೆ ಕಳುಹಿಸಬೇಕು.